ನಾವು ಹೇಳೋ ತನಕ

ನಿಂಗಮ್ಮ ಮಹೇಶ್ವರಪ್ಪನವರ ಜಗುಲಿಯ ಕೆಳಗೆ ಬಂದು ನಿಂತು ಮುಕ್ಕಾಲು ಗಂಟೆಯಾಗಿತ್ತು. ಶುಂಠಿ ಕೀಳುವ ಕೆಲಸದಿಂದ ನೆಟ್ಟಗೆ ಇಲ್ಲಿಗೇ ಬಂದಿದ್ದಳು. ಉಗುರಿನ ಸಂದಿಯಲ್ಲಿ ಮಣ್ಣು ಹಾಗೇ ಇತ್ತು, ಸೊಂಟ ಹಿಡಿದುಕೊಂಡಿತ್ತು. ಗೌಡರು ಊಟಕ್ಕೆ ಕೂತಿದ್ದಾರೆ ಅಂದರು ಒಳಗಿನವರು. ಕೂರಲಿ. ಉಣ್ಣುವವರನ್ನು ಎಬ್ಬಿಸುವುದಕ್ಕೆ ಅವಳೇನು ತಹಶೀಲ್ದಾರಳೇ?

ಕಾಯುತ್ತಾ ಗೋಡೆ ನೋಡಿದಳು. ಗಾಜಿನ ಚೌಕಟ್ಟಿನೊಳಗೆ ಮಹೇಶ್ವರಪ್ಪನವರ ಫೋಟೋ. ತಲೆಗೆ ಪೇಟ, ಹೆಗಲಿಗೆ ಶಾಲು, ಕೆಳಗೆ ದಪ್ಪ ಅಕ್ಷರ. ನಿಂಗಮ್ಮನಿಗೆ ಓದು ಬಾರದು. ಆದರೆ ಆ ಅಕ್ಷರ ಏನೆಂದು ಮಗಳು ಪವಿತ್ರ ಎಂದೋ ಓದಿ ಹೇಳಿದ್ದಳು: 'ಕೊರೊನಾ ವಾರಿಯರ್'. ಊರನ್ನು ಕಾಪಾಡಿದ್ದಕ್ಕೆ ಯಾವುದೋ ಸಂಘದವರು ಕೊಟ್ಟ ಸನ್ಮಾನ. ಯಾರಿಂದ ಕಾಪಾಡಿದರು? ನಿಂಗಮ್ಮನ ಗಂಡ ಉಜ್ಜಪ್ಪನಿಂದ. ನಲವತ್ತು ಕುರಿ, ಒಂದು ಕೋಲು, ಒಂದು ಕರಿ ಕಂಬಳಿ ಇದ್ದ ಮನುಷ್ಯನಿಂದ. ಬಲು ದೊಡ್ಡ ಯುದ್ಧ ಬಿಡಿ ಅದು.

ಮಹೇಶ್ವರಪ್ಪ ಕೈ ಒರೆಸಿಕೊಳ್ಳುತ್ತಾ ಹೊರಬಂದರು. ಹಿಂದೆ ಪಂಚಾಯ್ತಿ ಅಧ್ಯಕ್ಷರಾಗಿದ್ದವರು. ಈಗ ಆ ಕುರ್ಚಿಯಿಲ್ಲ, ಆದರೂ ಬಿಳಿಕಲ್ಲಕೊಪ್ಪದಲ್ಲಿ ಅವರು ಹೂಂ ಅನ್ನದೆ ಬೀದಿ ದೀಪ ಕೂಡ ಹತ್ತುವುದಿಲ್ಲ.

"ಏನವ್ವ ನಿಂಗಮ್ಮ, ಮಗಳ ಮದುವೆಯಂತೆ. ಎಲ್ಲಿ ಗಂಡು?"

"ಸೊರಬದ ಕಡೆ ಕಣ್ರಿ. ಗೋಪಾಲಪ್ಪ ಅಂತ, ಅವರ ಮಗ ಹರೀಶ. ಬರೋ ಸೋಮವಾರ ಧಾರೆ."

"ಒಳ್ಳೇದಾತು. ಮತ್ತೇನಾಗ್ಬೇಕು? ಅಕ್ಕಿ ಮೂಟೆ ಏನಾರ ಬೇಕಾ?"

"ಅಕ್ಕಿ ಬ್ಯಾಡ್ರಿ. ಒಂದು ಮಾತು ಬೇಕು. ನೀವು ಊರ ಹೊರಗಿನ ಮೋರಿ ತಂಕ ಬಂದು ನಮ್ಮನೆಯವರಿಗೆ 'ಉಜ್ಜಪ್ಪ, ಒಳಗೆ ಬಾ' ಅಂತ ಹೇಳ್ಬೇಕು. ಅಷ್ಟೇ ರೀ."

ಮಹೇಶ್ವರಪ್ಪ ನಕ್ಕರು. "ಇನ್ನೂ ಬಿಟ್ಟಿಲ್ಲೇನು ಅವನಿಗೆ ಆ ಹುಚ್ಚು? ಐದು ವರ್ಷ ಆತಲ್ಲ. ಕೊರೊನಾ ಅಂಬೋದನ್ನೇ ಜನ ಮರತಾರೆ."

"ಜನ ಮರತಾರೆ, ಅವರು ಮರೆತಿಲ್ಲ. ನಾವು ಹೇಳೋ ತನಕ ಈ ಮೋರಿ ದಾಟಬ್ಯಾಡ ಅಂತ ಅವತ್ತು ಅಂದ್ರಿ. ಆಮೇಲೆ ಹೇಳಾಕೆ ನೀವು ಬರಲೇ ಇಲ್ಲ."

"ನಾನ್ಯಾಕೆ ಹೇಳ್ಬೇಕು? ಟಿವಿಯಾಗೆ ಹೇಳಿದ್ರು, ಸರ್ಕಾರ ಹೇಳ್ತು, ಬಸ್ ಬಿಟ್ರು."

"ಸರ್ಕಾರ ಮೋರಿ ಹತ್ರ ಬಂದು ನಿಂತಿರಲಿಲ್ರಿ. ನೀವು ನಿಂತಿದ್ರಿ."

ನಗು ಹೋಯಿತು. ಮಹೇಶ್ವರಪ್ಪ ಒಮ್ಮೆ ಬೀದಿಯ ಕಡೆ ನೋಡಿ ದನಿ ತಗ್ಗಿಸಿದರು. "ನೋಡು, ನಾನು ಅಲ್ಲಿಗೆ ಬಂದು ಕರೆದ್ರೆ ಊರು ಏನಂತೈತೆ? ಗೌಡ ತಪ್ಪು ಒಪ್ಪಿಕಂಡ ಅಂತೈತೆ. ನಾ ತಪ್ಪು ಮಾಡಿಲ್ಲ. ನಿಮ್ಮಣ್ಣ ಅದಾನಲ್ಲ, ಅವನೇ ಧಾರೆ ಎರೀಲಿ. ಇಲ್ಲಾಂದ್ರೆ ಹೇಳು, ನಾಲ್ಕು ಹುಡುಗ್ರನ್ನ ಕಳಿಸ್ತೀನಿ. ಹೊತ್ಕಂಡು ಬಂದು ಚಪ್ಪರದಾಗೆ ಕುಂಡ್ರಿಸ್ತಾರೆ."

"ಅವರು ಮೂಟೆ ಅಲ್ರಿ," ಅಂದಳು ನಿಂಗಮ್ಮ. ಅಂದು ತಿರುಗಿ ನಡೆದಳು.

 

ಉಜ್ಜಪ್ಪನಿಗೆ ಹುಚ್ಚಿಲ್ಲ. ಇದನ್ನು ಮೊದಲು ತಿಳಿದುಕೊಳ್ಳಿ. ಅವನು ಕುರಿ ಕಾಯುವವನು. ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಸೊರಬದ ಕಡೆಯ ಗದ್ದೆಗಳಿಗೆ ಹೋಗುತ್ತಿದ್ದ. ರಾತ್ರಿ ಕುರಿ ಅಲ್ಲೇ ತರುಬಿದರೆ ಹಿಕ್ಕೆ, ಗಂಜಲ ಎರಡೂ ಗದ್ದೆಗೆ ಗೊಬ್ಬರ. ಆದರೆ ಕುರಿಯವನು ತಾನಾಗಿ ಗದ್ದೆಗೆ ಇಳಿಯುವಂತಿಲ್ಲ. ಬದುವಿನ ಮೇಲೆ ನಿಲ್ಲಬೇಕು. ಗದ್ದೆಯ ಧಣಿ ಬಂದು 'ಬಿಡು' ಅನ್ನಬೇಕು. ಅಲ್ಲಿಯವರೆಗೆ ಒಂದು ಕುರಿಯ ಗೊರಸು ಒಳಗೆ ಬಿದ್ದರೂ ಬೈಗುಳ, ಕೆಲವು ಸಲ ಪೆಟ್ಟು. ಧಣಿ ಪೇಟೆಗೆ ಹೋಗಿದ್ದರೆ ಸಂಜೆವರೆಗೆ ನಿಲ್ಲು. ಮರೆತು ಮಲಗಿದ್ದರೆ ಬೆಳಗಿನವರೆಗೆ ನಿಲ್ಲು. ಉಜ್ಜಪ್ಪ ಹತ್ತು ವರ್ಷದವನಿದ್ದಾಗಿಂದ ಹೀಗೆ ನಿಂತು ನಿಂತು ಬೆಳೆದವನು. ಅಂಥವನಿಗೆ ಅವನ ಊರಿನ ಬಾಯಲ್ಲೇ ನಿಂತು 'ನಾವು ಹೇಳೋ ತನಕ' ಅಂದರು. ಅಂದವರು ಮನೆಗೆ ಹೋಗಿ ಮರೆತರು.

ಆ ವರ್ಷ ಯುಗಾದಿ ದಿನವೇ ದೇಶಕ್ಕೆ ಬೀಗ ಬಿತ್ತು. ಉಜ್ಜಪ್ಪ ಆಗ ಗೋಪಾಲಪ್ಪನ ಗದ್ದೆಯಲ್ಲಿ ಮಂದೆ ಹಾಕಿದ್ದ. ಹೌದು, ಈಗ ಬೀಗನಾಗುವ ಇದೇ ಗೋಪಾಲಪ್ಪ. ಪೊಲೀಸರು ಹೊರಗಿನವರನ್ನು ಇಟ್ಟುಕೊಳ್ಳಬೇಡಿ ಅಂದಾಗ ಗೋಪಾಲಪ್ಪ ಅವನ ಬುತ್ತಿಗೆ ಎಂಟು ರೊಟ್ಟಿ ಕಟ್ಟಿಕೊಟ್ಟು, "ಎಂತ ಮಾಡಾದು ಮಾರಾಯ, ಇಂಥ ಕಾಲದಲ್ಲಿ ಮನುಷ್ಯ ಅವನವನ ಊರಲ್ಲಿ ಇರಾದೇ ಸರಿ," ಅಂದು ಕಳಿಸಿದ್ದ.

ಉಜ್ಜಪ್ಪ ನಾಲ್ಕು ದಿನ ನಡೆದ. ದಾರಿಯ ಪ್ರತಿ ಊರಿನವರೂ ರಸ್ತೆಗೆ ಮುಳ್ಳು ಎಳೆದಿದ್ದರು. ಯಾರೂ ಬಾವಿಯ ಹತ್ತಿರ ಬಿಡಲಿಲ್ಲ. ಎರಡು ಮರಿ ಸತ್ತವು, ಇನ್ನೊಂದನ್ನು ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತ. ನನ್ನ ಊರು ಬರಲಿ, ಎಲ್ಲ ಸರಿಹೋಗುತ್ತದೆ ಅಂದುಕೊಂಡ. ಊರು ಬಂತು. ಊರಿನ ಹೊರಗಿನ ಮೋರಿಯ ಹತ್ತಿರ ಜೆಸಿಬಿ ತಂದು ರಸ್ತೆಯನ್ನೇ ಕಡಿದಿದ್ದರು. ಆಳುದ್ದದ ಗುಂಡಿ. ಆಚೆ ದಡದಲ್ಲಿ ಹುಡುಗರು ದೊಣ್ಣೆ ಹಿಡಿದು ನಿಂತಿದ್ದರು. ಅವರ ನಡುವೆ ಮಹೇಶ್ವರಪ್ಪ, ಮೂಗಿಗೆ ಬಿಳಿ ಟವಲು.

"ಹದಿನಾಲ್ಕು ದಿನ ಅಲ್ಲೇ ಇರು," ಅಂದರು. "ನಾವು ಹೇಳೋ ತನಕ ಈ ಮೋರಿ ದಾಟಬ್ಯಾಡ."

"ಆತ್ರಿ ಗೌಡ್ರೆ," ಅಂದ ಉಜ್ಜಪ್ಪ. ಅವನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಇನ್ನೊಂದು ಬದು, ಇನ್ನೊಬ್ಬ ಧಣಿ.

ಅಷ್ಟಕ್ಕೇ ಬಿಟ್ಟಿದ್ದರೆ ಅವನು ಸಹಿಸುತ್ತಿದ್ದ. ಚೌಡೇಶ್ ಅಂತ ಒಬ್ಬ, ಗೌಡರ ಮನೆಯ ಕೆಲಸ ನೋಡಿಕೊಳ್ಳುವವನು. ಶುಂಠಿಗೆ ಔಷಧಿ ಹೊಡೆಯುವ ಪಂಪನ್ನು ಬೆನ್ನಿಗೇರಿಸಿಕೊಂಡು ಗುಂಡಿ ಇಳಿದು ಹತ್ತಿ ಬಂದ. ಪಂಪಿನ ತುಂಬ ಬ್ಲೀಚಿಂಗ್ ಪೌಡರ್ ಕಲಸಿದ ನೀರು. ಕಣ್ಣು ಮುಚ್ಚಿಕೋ ಅನ್ನಲಿಲ್ಲ. ತಲೆಯಿಂದ ಪಾದದವರೆಗೆ ಹೊಡೆದ. ಕುರಿಗಳಿಗೆ ಹೊಡೆದ. ಕಂಬಳಿಗೆ ಹೊಡೆದ. ಉಜ್ಜಪ್ಪ ಎರಡೂ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಸುತ್ತಿದಾಗ ಆಚೆ ದಡದ ಹುಡುಗರು ಮೊಬೈಲು ಹಿಡಿದು ನಗುತ್ತಿದ್ದರು. ಆ ವಿಡಿಯೋ ಊರಿನ ಎಲ್ಲರ ಫೋನಿಗೂ ಹೋಯಿತು. ಆಗ ಹದಿನೇಳು ವರ್ಷದವಳಾಗಿದ್ದ ಪವಿತ್ರ ತನ್ನ ಅಪ್ಪ ಕುರುಡನ ಹಾಗೆ ಕೈ ಚಾಚಿ ಸುತ್ತುವುದನ್ನು ಗೆಳತಿಯ ಫೋನಿನಲ್ಲಿ ನೋಡಿದಳು. ಥೂ, ನಾಯಿಗೂ ಹೀಗೆ ಮಾಡುವುದಿಲ್ಲ ಜನ.

ಹನ್ನೆರಡನೇ ದಿನ ಉಜ್ಜಪ್ಪನ ತಾಯಿ ಹೂವಮ್ಮನಿಗೆ ಉಬ್ಬಸ ಏರಿತು. ಕೊರೊನಾ ಅಲ್ಲ. ಇಪ್ಪತ್ತು ವರ್ಷದ ಹಳೇ ಉಬ್ಬಸ, ಊರಿಗೆಲ್ಲ ಗೊತ್ತಿದ್ದ ಉಬ್ಬಸ. ಶಿಕಾರಿಪುರಕ್ಕೆ ಕರೆದೊಯ್ಯಲು ಆಟೋ ಸಿಕ್ಕಿತು, ಆದರೆ ಆಟೋ ಗುಂಡಿ ದಾಟಲಿಲ್ಲ. ಮುದುಕಿ ಕೂತಲ್ಲೇ ಉಸಿರು ಎಳೆಯುತ್ತಾ ಸೊಸೆಯನ್ನು ಕೇಳಿದಳು: "ಉಜ್ಜ ಬಂದನೇನೇ?"

"ಮೋರಿ ಹತ್ರ ಅದಾರೆ ಅತ್ತಿ."

"ಅಷ್ಟು ಹತ್ರ ಬಂದಾನೆ, ಒಳಗೆ ಬರಾಕೆ ಏನಾಗೇತೆ ಅವನಿಗೆ? ಕರಿಯೇ."

ನಿಂಗಮ್ಮ ಗೌಡರ ಮನೆಗೆ ಓಡಿದಳು. ಕಾಲು ಹಿಡಿದಳು. ಇನ್ನೆರಡು ದಿನ ತಡಿ ಅಂದರು ಮಹೇಶ್ವರಪ್ಪ. ಎರಡು ದಿನ! ಸಾಯುವವಳಿಗೆ ತಡಿ ಅಂತ ಹೇಳಿ ಕಳಿಸಿದರು. ನಿಂಗಮ್ಮ ಮನೆಗೆ ಬರುವಷ್ಟರಲ್ಲಿ ಮುದುಕಿಯ ತಲೆ ಗೋಡೆಗೆ ಒರಗಿತ್ತು, ಕಣ್ಣು ಬಾಗಿಲ ಕಡೆಗಿತ್ತು.

ಹೂವಮ್ಮನ ಮಣ್ಣು ಕೆರೆ ಏರಿಯ ಕೆಳಗಾಯಿತು. ಮೋರಿಯಿಂದ ಆ ಜಾಗ ಕೂಗಳತೆ. ಉಜ್ಜಪ್ಪ ಗುಂಡಿಯ ದಡದಲ್ಲಿ ನಿಂತು ಎಲ್ಲವನ್ನೂ ನೋಡಿದ. ನಾಲ್ಕು ಜನ ಹೊತ್ತರು, ಇಳಿಸಿದರು, ಸಲಿಕೆಯಲ್ಲಿ ಮಣ್ಣೆಳೆದರು. ಹೆತ್ತ ಮಗ ಮೊದಲ ಹಿಡಿ ಮಣ್ಣು ಹಾಕಬೇಕು. ಉಜ್ಜಪ್ಪ ತಾನು ನಿಂತಲ್ಲಿಂದಲೇ ಒಂದು ಹಿಡಿ ಮಣ್ಣು ತೆಗೆದು, ಕಾವಲಿಗೆ ನಿಂತಿದ್ದವರ ಕಡೆ ಕೈ ಚಾಚಿದ.

"ನಾ ಬರಲ್ರಪ್ಪ. ಈ ಮಣ್ಣಾದ್ರೂ ತಗಂಡು ಹೋಗಿ ಹಾಕ್ರಿ. ನನ್ನ ಹೆಸರಲ್ಲಿ."

ಹುಡುಗರು ಮುಖ ಮುಖ ನೋಡಿಕೊಂಡು ಮಹೇಶ್ವರಪ್ಪನವರ ಕಡೆ ತಿರುಗಿದರು. "ಅವನ ಕೈಯಾಗಿಂದು ಏನೂ ಮುಟ್ಟಬ್ಯಾಡ್ರಿ," ಅಂದರು ಅವರು.

ಮಣ್ಣಿಗೂ ರೋಗ ಬರುತ್ತದೆ ಅಂತ ಆ ದಿನ ಊರಿಗೆ ಗೊತ್ತಾಯಿತು. ಉಜ್ಜಪ್ಪ ಕೈ ಚಾಚಿಕೊಂಡೇ ಎಷ್ಟೋ ಹೊತ್ತು ನಿಂತ. ಆಮೇಲೆ ಆ ಮಣ್ಣನ್ನು ಕಂಬಳಿಯ ಮೂಲೆಗೆ ಸುರಿದು ಗಂಟು ಹಾಕಿದ. ಗಂಟು ಇವತ್ತಿಗೂ ಬಿಚ್ಚಿಲ್ಲ.

ಹದಿನಾಲ್ಕು ದಿನ ಮುಗಿಯಿತು. ಯಾರೂ ಬರಲಿಲ್ಲ. ಮಳೆಗಾಲಕ್ಕೆ ಮುಂಚೆ ಗುಂಡಿ ಮುಚ್ಚಿದರು. ಬಸ್ಸು ಬಂತು, ಶಾಲೆ ತೆರೆಯಿತು, ಮದುವೆ ಮುಂಜಿ ಶುರುವಾದವು. ಆಮೇಲೆ ರಸ್ತೆಗೆ ಹೊಸ ಡಾಂಬರು ಬಿತ್ತು. ಉಜ್ಜಪ್ಪ ಮೋರಿಯ ಆಚೆ ಗೋಮಾಳದ ಬೇವಿನ ಮರದ ಕೆಳಗೆ ಗುಡಿಸಲು ಹಾಕಿಕೊಂಡ. ಹಗಲು ಕುರಿ ಮೇಯಿಸಿ ಬರುತ್ತಾನೆ, ರಾತ್ರಿ ಅಲ್ಲೇ ಮಲಗುತ್ತಾನೆ. ಯಾರಾದರೂ ಹತ್ತಿರ ಬಂದರೆ ಮೂರು ಮಾರು ಹಿಂದೆ ಸರಿದು ಕಂಬಳಿಯ ಅಂಚಿನಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಹೆಂಡತಿ ಬಂದರೂ ಅಷ್ಟೇ. ಮಗಳು ಬಂದರೂ ಅಷ್ಟೇ.

ಅಲ್ಲೊಂದು ಹಳೇ ವೀರಗಲ್ಲು ಮಕಾಡೆ ಬಿದ್ದುಕೊಂಡಿದೆ. ಪವಿತ್ರ ದಿನಕ್ಕೆರಡು ಸಲ ಬುತ್ತಿ ತಂದು ಅದರ ಮೇಲಿಡುತ್ತಾಳೆ. ಇಟ್ಟು, ಹಿಂದೆ ಸರಿದು, ಆಚೆ ಮುಖ ಮಾಡಿ ಕೂಗುತ್ತಾಳೆ: "ಅಪ್ಪಾ, ಇಟ್ಟೀನಿ. ತಗಾ." ಅವಳು ಹಿಂದೆ ಸರಿಯುವವರೆಗೆ ಉಜ್ಜಪ್ಪ ಕಲ್ಲಿನ ಹತ್ತಿರ ಬರುವುದಿಲ್ಲ. ಐದು ವರ್ಷ ಹೀಗೆಯೇ. ಐದು ವರ್ಷದಲ್ಲಿ ಅಪ್ಪ ಮಗಳ ತಲೆ ಒಮ್ಮೆಯೂ ನೇವರಿಸಿಲ್ಲ. ಪವಿತ್ರ ಪಿಯುಸಿ ಪಾಸಾದ ದಿನ ಅಂಕಪಟ್ಟಿ ತಂದು ಕಲ್ಲಿನ ಮೇಲಿಟ್ಟಿದ್ದಳು. ಅವನು ಅದನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡು, ಮತ್ತೆ ಕಲ್ಲಿನ ಮೇಲಿಟ್ಟು ಹಿಂದೆ ಸರಿದಿದ್ದ.

ನಿಂಗಮ್ಮ ಮಾಡದ್ದಿಲ್ಲ. ಶಿಕಾರಿಪುರದಿಂದ ಒಬ್ಬ ಡಾಕ್ಟರನ್ನು ಕರೆತಂದಳು. ಮನಸ್ಸಿಗೆ ಪೆಟ್ಟು ಬಿದ್ದಿದೆ, ಮೆಲ್ಲಗೆ ಸರಿಹೋಗಬೇಕು ಅಂದು ಅವರು ಮಾತ್ರೆ ಬರೆದರು. ಮಾತ್ರೆಗೆ ನಿದ್ದೆ ಬಂತು, ಕಾಲು ಬರಲಿಲ್ಲ. ಒಂದು ಸಲ ಸುಳ್ಳೂ ಹೇಳಿದಳು. "ಗೌಡ್ರು ಹೇಳಿದ್ರು ಕಣ್ರಿ, ಬರಬೇಕಂತೆ." ಉಜ್ಜಪ್ಪನ ಮುಖ ಅರಳಿತು. ಕೋಲು ತೆಗೆದುಕೊಂಡ, ಪಂಚೆ ಸರಿಮಾಡಿಕೊಂಡ, ಮೋರಿಯವರೆಗೆ ಬಂದ. ಅಲ್ಲಿ ನಿಂತು ಆಚೆ ನೋಡಿದ. ಯಾರೂ ಇರಲಿಲ್ಲ. ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಕುಕ್ಕರಿಸಿದ. ಅಲ್ಲೇ ಪಂಚೆ ಒದ್ದೆ ಮಾಡಿಕೊಂಡ. ಐವತ್ತು ದಾಟಿದ ಗಂಡಸು, ತೋಳ ಬಂದರೆ ಕೋಲಿನಲ್ಲಿ ಅಟ್ಟಿದವನು. ನಿಂಗಮ್ಮ ಆಮೇಲೆ ಸುಳ್ಳು ಹೇಳಲಿಲ್ಲ.

ಇಂಥವನು ಈಗ ಮಗಳ ಕೈ ಹಿಡಿದು ಅಳಿಯನ ಕೈಯಲ್ಲಿಡಬೇಕು.

ಆ ಸಂಜೆ ಗೌಡರ ಮನೆಯಿಂದ ಬಂದವಳೇ ನಿಂಗಮ್ಮ ಅಂಗಳದಲ್ಲಿ ಕಟ್ಟಿದ್ದ ಗಳಗಳನ್ನು ಬಿಚ್ಚತೊಡಗಿದಳು. ಪವಿತ್ರ ಗಾಬರಿಯಾದಳು.

"ಏನ್ ಮಾಡಾಕತ್ತಿ ಅವ್ವ? ಚಪ್ಪರ ಯಾಕೆ ಕೀಳ್ತಿ?"

"ನಿಮ್ಮಪ್ಪ ಊರೊಳಗೆ ಇಲ್ಲ. ಅವರು ಇಲ್ದಿದ್ದಲ್ಲಿ ನಿನ್ನ ಮದುವೆ ಯಾಕೆ? ಮೋರಿ ಆಚೆ ಹಾಕಾನ."

"ಜನ ಬರಲ್ಲ."

"ಬರೋರು ಬರ್ತಾರೆ. ಬರದೋರು ಅವರ ಮನೆ ಅಂಬಲಿ ಕುಡೀಲಿ. ಸಾಕಾಗೇತೆ ನಂಗೆ. ಐದು ವರ್ಷ ಅವರನ್ನ ಒಳಗೆ ಕರಕಳ್ರಿ ಅಂತ ಕೈ ಮುಗಿದೆ. ಇನ್ನು ಮುಗಿಯಲ್ಲ."

ಗೋಪಾಲಪ್ಪನಿಗೆ ಫೋನು ಮಾಡಿದಳು. "ಆವತ್ತು ಅವ್ರನ್ನ ನಾನೇ ಕಳ್ಸಿದ್ದಲ್ಲನ," ಅಂದ. "ನೀವು ಎಲ್ಲಿ ಚಪ್ಪರ ಹಾಕ್ತೀರೋ ಅಲ್ಲಿಗೆ ದಿಬ್ಬಣ ಬರ್ತದೆ ತಂಗಿ. ಎಂತದೂ ಯೋಚ್ನೆ ಮಾಡ್ಬೇಡಿ."

ಗಳ ಹೊರಲು ಊರಿನ ಗಂಡಸರು ಬರಲಿಲ್ಲ. ಗೌಡರ ಮಾತು ಮೀರಿ ಯಾರು ಬಂದಾರು? ತಾಯಿ ಮಗಳು ತಲೆಯ ಮೇಲೆ ಸಿಂಬಿ ಇಟ್ಟು ಹನ್ನೆರಡು ಗಳ ಹೊತ್ತರು. ಹಾರೆ ಹಿಡಿದು ಕುಳಿ ತೋಡಿದರು. ಗೋಮಾಳದ ನೆಲ ಕಲ್ಲಿನಂಥದ್ದು. ನಿಂಗಮ್ಮನ ಅಂಗೈ ಒಡೆದು ಹಾರೆಗೆ ರಕ್ತ ಅಂಟಿತು. ಮದುಮಗಳ ಅಂಗೈಯೂ ಒಡೆಯಿತು. ಅರಿಸಿನ ಹಚ್ಚಿದಾಗ ಉರಿಯಿತು, ಉರಿಯಲಿ ಅಂದಳು ಪವಿತ್ರ. ಉಜ್ಜಪ್ಪ ಮೂರು ಮಾರು ದೂರದಲ್ಲಿ ನಿಂತು ಎಲ್ಲ ನೋಡುತ್ತಿದ್ದ. ಅವರು ಉಣ್ಣಲು ಹೋದಾಗ ತಾನೇ ಬಂದು ಉಳಿದ ಕುಳಿ ತೋಡಿದ, ಗಳ ನೆಟ್ಟ, ಮಣ್ಣು ತುಳಿದು ಗಟ್ಟಿ ಮಾಡಿದ. ಅವರು ಬರುವಷ್ಟರಲ್ಲಿ ಮತ್ತೆ ಮೂರು ಮಾರು ದೂರ ಹೋಗಿ ನಿಂತಿದ್ದ.

ಸೋಮವಾರ ದಿಬ್ಬಣದ ಟೆಂಪೋ ಮೋರಿಯ ಆಚೆಯೇ ನಿಂತಿತು. ಊರಿನಿಂದ ಮೊದಲು ಬಂದವರು ಹೆಂಗಸರು. ಹತ್ತು ಜನ, ಆಮೇಲೆ ಇಪ್ಪತ್ತು. ಶುಂಠಿ ಹೊಲದಲ್ಲಿ ನಿಂಗಮ್ಮನ ಜೊತೆ ಬೆನ್ನು ಬಗ್ಗಿಸಿದವರು. ಮೋರಿಯ ಹತ್ತಿರ ಒಂದು ಕ್ಷಣ ಎಲ್ಲರ ಕಾಲೂ ತಡೆಯಿತು. ಐದು ವರ್ಷದಿಂದ ಬಸ್ಸು ಹಿಡಿಯಲು ಬಡಬಡ ದಾಟಿದ ಮೋರಿ ಅದು. ಅಲ್ಲೊಂದು ಗೆರೆ ಇದೆ ಎಂದು ಅವರಿಗೆ ಇವತ್ತು ಕಂಡಿತು. ಹಿಂದೆಯೇ ಗಂಡಸರು, ತಲೆ ತಗ್ಗಿಸಿಕೊಂಡು.

ಉಜ್ಜಪ್ಪ ಮಿಂದಿದ್ದ. ಬಿಳಿ ಪಂಚೆ ಉಟ್ಟಿದ್ದ. ಆದರೆ ಹೆಗಲ ಮೇಲೆ ಅದೇ ಕಂಬಳಿ, ಅಲ್ಲಲ್ಲಿ ಬ್ಲೀಚಿಂಗ್ ಬಿದ್ದು ಕೆಂಪಾದ ಕಂಬಳಿ, ಮೂಲೆಯಲ್ಲಿ ಗಂಟು. ಚಪ್ಪರದಿಂದ ಮೂರು ಮಾರು ಆಚೆ ನಿಂತು ಬಾಯಿ ಮುಚ್ಚಿಕೊಂಡಿದ್ದ. ಪೂಜಾರಿ ಕರೆದ. ಗೋಪಾಲಪ್ಪ ಕರೆದ. ಅವನು ತಲೆಯಾಡಿಸಿದ. ಇನ್ನೂ ಎರಡು ಹೆಜ್ಜೆ ಹಿಂದೆ ಹೋದ.

"ಮುಹೂರ್ತ ಮೀರ್ತೈತೆ," ಅಂದ ಪೂಜಾರಿ. "ಸೋದರಮಾವ ಕುಂತ್ಕಳ್ಲಿ."

ನಿಂಗಮ್ಮನ ಅಣ್ಣ ಎದ್ದ. ನಿಂಗಮ್ಮ ತುಟಿ ಕಚ್ಚಿಕೊಂಡಳು. ಇಷ್ಟೆಲ್ಲ ಮಾಡಿ ಕೊನೆಗೆ ಇದೇ ಆಗುವುದಾದರೆ ಗೌಡರ ಮಾತೇ ಗೆದ್ದ ಹಾಗಾಯಿತಲ್ಲ.

ಆಗ ಪವಿತ್ರ ಹಸೆಯಿಂದ ಎದ್ದಳು. ಬಾಸಿಂಗ ಕಟ್ಟಿಕೊಂಡೇ ವೀರಗಲ್ಲಿನ ಹತ್ತಿರ ಹೋದಳು. ಮಂಡಿಯೂರಿ ಕೂತಳು. ಬಲಗೈ ಚಾಚಿ ಅಂಗೈ ಮೇಲಾಗಿ ಕಲ್ಲಿನ ಮೇಲಿಟ್ಟಳು, ದಿನಾ ಬುತ್ತಿ ಇಡುವ ಜಾಗದಲ್ಲೇ. ಮುಖ ಆಚೆ ತಿರುಗಿಸಿದಳು.

"ಅಪ್ಪಾ, ಇಟ್ಟೀನಿ. ತಗಾ."

ಹರೀಶನೇ ಮೊದಲು ಹಿಂದೆ ಸರಿದ. ಅವನನ್ನು ನೋಡಿ ಎಲ್ಲರೂ ಸರಿದರು. ನಿಂಗಮ್ಮನೂ ಸರಿದಳು. ಕಲ್ಲಿನ ಮೇಲೆ ಅರಿಸಿನ ಹಚ್ಚಿದ, ಚರ್ಮ ಒಡೆದ ಒಂದು ಕೈ ಮಾತ್ರ ಇತ್ತು.

ಉಜ್ಜಪ್ಪ ಬಂದ. ಒಂದು ಹೆಜ್ಜೆ, ನಿಂತ. ಇನ್ನೊಂದು ಹೆಜ್ಜೆ. ಕಲ್ಲಿನ ಮುಂದೆ ಕುಕ್ಕರಿಸಿ ಆ ಕೈ ನೋಡಿದ. ಬಾಯಿಗೆ ಹಿಡಿದಿದ್ದ ಕಂಬಳಿ ಜಾರಿತು. ಮೊದಲು ಒಂದು ಬೆರಳಿನಿಂದ ಮುಟ್ಟಿದ. ಬಿಸಿ ಪಾತ್ರೆ ಮುಟ್ಟಿದವನ ಹಾಗೆ ತೆಗೆದ. ಪವಿತ್ರ ಅಲುಗಲಿಲ್ಲ, ತಿರುಗಿ ನೋಡಲಿಲ್ಲ. ಅವನು ಮತ್ತೆ ಮುಟ್ಟಿದ. ಒಡೆದ ಅಂಗೈಯನ್ನು ತನ್ನ ಎರಡೂ ಅಂಗೈಯೊಳಗೆ ತೆಗೆದುಕೊಂಡ. ಆಮೇಲೆ ಗಂಟಲಿನಿಂದ ಒಂದು ಸದ್ದು ಬಂತು. ಅಯ್ಯೋ, ಅದನ್ನು ಅಳು ಅನ್ನುವುದು ಹೇಗೆ? ಈಯುವ ಕುರಿ ಮಾಡುವ ಸದ್ದು ಅದು. ಪವಿತ್ರಳ ಬೆನ್ನು ಗದಗದ ನಡುಗಿತು, ಮುಖ ಮಾತ್ರ ಆಚೆಯೇ ಇತ್ತು.

ಹರೀಶ ಮೆಲ್ಲಗೆ ಬಂದು ಕಲ್ಲಿನ ಆ ಪಕ್ಕ ಕೂತು ಕೈ ಚಾಚಿದ. ಉಜ್ಜಪ್ಪ ಮಗಳ ಕೈಯನ್ನು ಅದರಲ್ಲಿಟ್ಟ. ನಿಂಗಮ್ಮ ಹಾಲಿನ ಚೊಂಬು ತಂದು ಎರೆದಳು. ಹಾಲು ಮೂವರ ಕೈ ತೊಯ್ದು ಕಲ್ಲಿನ ಮೇಲೆ ಹರಿಯಿತು. ಅಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು, ಈ ಊರಿನವರು ಸೊರಬದ ಕಡೆಯವರು ಅಂತಿಲ್ಲದೆ.

ಊಟಕ್ಕೆ ಎಲೆ ಹಾಕಿದ ಮೇಲೆ ಮಹೇಶ್ವರಪ್ಪ ಬಂದರು. ಅರ್ಧ ಊರು ಇಲ್ಲಿದೆ, ಹೊರಗೂರಿನವರು ಬಂದಿದ್ದಾರೆ, ತಾವಿಲ್ಲದಿದ್ದರೆ ಮರ್ಯಾದೆ ಏನಾದೀತು ಅನಿಸಿರಬೇಕು. ಬಿಳಿ ಪಂಚೆ, ಬಿಳಿ ಅಂಗಿ, ಹಿಂದೆ ಚೌಡೇಶ್. ಅವರು ಮೋರಿಯ ಹತ್ತಿರ ಬರುವಷ್ಟರಲ್ಲಿ ನಿಂಗಮ್ಮ ರಸ್ತೆಗೆ ಅಡ್ಡ ನಿಂತಿದ್ದಳು.

"ಅಲ್ಲೇ ನಿಂತ್ಕಳ್ರಿ ಗೌಡ್ರೆ."

"ಏನಿದು? ಮನೆಗೆ ಬಂದೋರನ್ನ ತಡೀತೀಯಾ?"

"ಮನೆಗೆ ಬಂದೋರನ್ನ ತಡಿಯೋದು ಈ ಮೋರಿ ಮೇಲೆ ಮೊದಲು ಮಾಡಿದ್ದು ನಾನಲ್ಲ. ಅವರಿಗೆ ಒಂದು ಮಾತು ಹೇಳ್ರಿ. ಆಮೇಲೆ ಬಂದು ಉಣ್ರಿ."

ಗೋಪಾಲಪ್ಪ ಎದ್ದು ಬಂದು ಅವಳ ಪಕ್ಕ ನಿಂತ. "ನೀವೇನ ಈ ಊರಿನ ಗೌಡ್ರು?" ಅಂದ. "ಇವ್ರಿಗೆ ಒಂದು ಊರು ಉಂಟು ಅಂತ ನಂಬಿ ಆವತ್ತು ಕಳ್ಸಿದ್ದೆ ನಾನು."

ಎಲೆಯ ಮುಂದೆ ಕೂತವರೆಲ್ಲ ಈ ಕಡೆ ನೋಡುತ್ತಿದ್ದರು. ಮಹೇಶ್ವರಪ್ಪನವರ ಮುಖ ಕೆಂಪಾಯಿತು. ಹಿಂದಕ್ಕೆ ಹೋದರೆ ಸೋಲು, ನಿಂತರೂ ಸೋಲು. ಬೇವಿನ ಮರದ ತುದಿ ನೋಡುತ್ತಾ ಅಂದರು: "ಆತು ಮಾರಾಯ್ತಿ. ಏಯ್ ಉಜ್ಜಪ್ಪ, ಒಳಗೆ ಬಾರೋ. ಹೇಳಿದೆ ನೋಡು. ಆತಾ?"

ಐದು ವರ್ಷ ಕಾದ ಮಾತು. ಇಷ್ಟೇ ಇತ್ತು ಅದು. ಒಂದು ಉಸಿರು ಕೂಡ ಹಿಡಿಯಲಿಲ್ಲ.

ಉಜ್ಜಪ್ಪ ಮೋರಿಯ ಕಡೆ ಬಂದ. ವೀರಗಲ್ಲಿನ ಹತ್ತಿರ ನಿಂತು ಗೌಡರ ಹಿಂದಿನ ಊರನ್ನು ನೋಡಿದ. ಕೆರೆ ಏರಿ ನೋಡಿದ. ಆಮೇಲೆ ಕೇಳಿದ, ಯಾವ ಸಿಟ್ಟೂ ಇಲ್ಲದೆ:

"ನಮ್ಮವ್ವ ಅದಾಳೇನ್ರಿ ಒಳಗೆ?"

ನಿಂಗಮ್ಮನಿಗೆ 'ಕರಿಯೇ' ಅಂದ ಮುದುಕಿಯ ಕಣ್ಣು, ಬಾಗಿಲ ಕಡೆಗಿದ್ದ ಆ ಕಣ್ಣು ನೆನಪಾಯಿತು.

ಉಜ್ಜಪ್ಪ ಕಂಬಳಿಯ ಮೂಲೆಯ ಗಂಟಿಗೆ ಕೈ ಹಾಕಿದ. ಐದು ವರ್ಷದ ಗಂಟು, ಬಿಗಿದು ಕಲ್ಲಾಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದ. ಒಣಗಿ ಪುಡಿಯಾದ ಆ ಒಂದು ಹಿಡಿ ಮಣ್ಣನ್ನು ವೀರಗಲ್ಲಿನ ಮೇಲೆ, ಇನ್ನೂ ಒದ್ದೆಯಿದ್ದ ಹಾಲಿನ ಪಕ್ಕ ಸುರಿದ. ಎಣಿಸಿದಂತೆ ಮೂರು ಮಾರು ಹಿಂದೆ ಸರಿದ. ಕಂಬಳಿಯ ಅಂಚಿನಿಂದ ಬಾಯಿ ಮುಚ್ಚಿಕೊಂಡ.

"ಇಟ್ಟೀನ್ರಿ ಗೌಡ್ರೆ. ತಗಳ್ರಿ."

ಮಹೇಶ್ವರಪ್ಪ ಅತ್ತಿತ್ತ ನೋಡಿದರು. "ಚೌಡೇಶ, ತಗಳಾ ಅದನ್ನ," ಅಂದರು.

ಚೌಡೇಶ್ ನೆಲ ನೋಡುತ್ತಾ ನಿಂತಿದ್ದ. "ನನ್ನ ಕೈಲಿ ಆಗಲ್ರಿ," ಅಂದ.

"ಚೌಡೇಶ ಬ್ಯಾಡ," ಅಂದಳು ನಿಂಗಮ್ಮ. ಅವಳು ರಸ್ತೆ ಬಿಟ್ಟು ಪಕ್ಕಕ್ಕೆ ಸರಿದಳು. "ಮುಟ್ಟಬ್ಯಾಡ್ರಿ ಅಂದಿದ್ದು ನೀವು. ನೀವೇ ತಗಂಡು ಹೋಗ್ರಿ. ಕೆರೆ ಏರಿ ಕೆಳಗೆ, ಬಲಗಡೆಗೆ ಅವರವ್ವನ ಗುಂಡಿ. ಹಾಕಿ ಬಂದು ಹೇಳ್ರಿ, ಆಮೇಲೆ ಬರ್ತಾರೆ ಅವರು. ನೀವು ಹೇಳೋ ತನಕ ಬರಲ್ಲ."

ಬಿಸಿಲು ನೆತ್ತಿಗೆ ಬಂದಿತ್ತು. ಬಡಿಸಿದ ಎಲೆಗಳ ಮುಂದೆ ಕೂತವರಲ್ಲಿ ಒಬ್ಬರೂ ತುತ್ತು ಎತ್ತಲಿಲ್ಲ. ಆಗಲಿ ಬಿಡ್ರಿ ಅಂತ ಒಬ್ಬರೂ ನಡುವೆ ಬರಲಿಲ್ಲ. ಮಹೇಶ್ವರಪ್ಪ ಮೋರಿ ದಾಟಿ ಬಂದು ಕಲ್ಲಿನ ಮುಂದೆ ನಿಂತು ಆ ಮಣ್ಣನ್ನೇ ನೋಡುತ್ತಿದ್ದರು. ಉಜ್ಜಪ್ಪ ಬದುವಿನ ಮೇಲೆ ನಿಲ್ಲುವ ಹಾಗೆ ಕೋಲೂರಿ ನಿಂತ. ಅವನಿಗೆ ಕಾಯುವುದು ಗೊತ್ತಿತ್ತು.